ಸತ್ತುದು ಯಾವುದು?

ಮನೆಯ ಸಾಮಾನುಗಳು ಕೈಕೊಟ್ಟಾಗ ಜನರಾಡುವ ಮಾತಿನಲ್ಲಿ ಒಂದು ಸೂಕ್ಷ್ಮವಾದ ತಾರತಮ್ಯವುಂಟು. ಗಡಿಯಾರ ನಿಲ್ಲುತ್ತದೆ, ಹೊಲಿಗೆಯಂತ್ರ ಹಟ ಹಿಡಿಯುತ್ತದೆ, ಮಿಕ್ಸಿ ಸುಟ್ಟುಹೋಗುತ್ತದೆ, ರೇಡಿಯೋ ಕೆಡುತ್ತದೆ. ದೀಪವಂತೂ ಆರಿತೆಂದು ಹಿರಿಯರು ಬಾಯಿಬಿಟ್ಟು ಹೇಳುವುದೇ ಇಲ್ಲ, ಶಾಂತವಾಯಿತು ಎನ್ನುತ್ತಾರೆ. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಯಾರಿಗೂ ಈ ದಾಕ್ಷಿಣ್ಯವಿಲ್ಲ. ಗುಂಡಿ ಒತ್ತಿದಾಗ ಪರದೆ ಬೆಳಗದಿದ್ದರೆ 'ಸತ್ತುಹೋಯಿತು' ಎಂದು ಒಂದೇ ಮಾತಿನ ತೀರ್ಪು. ಅಂಗಡಿಯ ಹುಡುಗನ ತೀರ್ಪು ಇನ್ನೂ ಚಿಕ್ಕದು: 'ಬೋರ್ಡ್ ಡೆಡ್.'

ಇದನ್ನು ಬರಿಯ ಮಾತಿನ ವೈಖರಿಯೆಂದು ತಳ್ಳಿಬಿಡುವಂತಿಲ್ಲ. ಕೆಟ್ಟುದನ್ನು ರಿಪೇರಿ ಮಾಡಿಸುವುದುಂಟು. ಸತ್ತುದನ್ನು ಸಾಗಿಸುವುದಷ್ಟೇ ಉಂಟು. ಎತ್ತಿನ ಗಾಡಿಯ ಅಚ್ಚಿನ ತುದಿಯಲ್ಲಿ ಕಡಾಣಿಯೆಂಬ ಒಂದು ಚಿಕ್ಕ ಕೀಲಿರುತ್ತದೆ. ಅದು ಬಿದ್ದುಹೋದರೆ ಚಕ್ರ ಕಳಚಿ, ಗಾಡಿ ನಡುದಾರಿಯಲ್ಲಿ ಕೂರುತ್ತದೆ. ಆದರೂ ಗಾಡಿ ಸತ್ತಿತೆಂದು ಹಳ್ಳಿಯ ರೈತನು ಗೋಳಿಡುವುದಿಲ್ಲ. 'ಕಡಾಣಿ ಬಿತ್ತು' ಎಂದು ಹೇಳಿ, ಬಂದ ದಾರಿಯಲ್ಲೇ ಹುಡುಕಿಕೊಂಡು ಹಿಂದಕ್ಕೆ ನಡೆಯುತ್ತಾನೆ. ಗಾಡಿಯ ಅಂಗಾಂಗಗಳ ಹೆಸರು ಅವನಿಗೆ ಗೊತ್ತು. ಹೆಸರು ಗೊತ್ತಿದ್ದವನಿಗೆ ಹುಡುಕಬೇಕಾದುದು ಏನೆಂಬುದೂ ಗೊತ್ತಿರುತ್ತದೆ. ಕಂಪ್ಯೂಟರನ್ನು ದಿನವೂ ಮುಟ್ಟುವ ಮನೆಗಳಲ್ಲಿ ಅದರ ಕಡಾಣಿ ಯಾವುದೆಂದು ಕೇಳಿದರೆ ಉತ್ತರ ಹೇಳಬಲ್ಲವರು ಎಷ್ಟು ಮಂದಿ?

2016ರ ಬೇಸಿಗೆಯಲ್ಲಿ ಈ ಪ್ರಶ್ನೆ ಮಾರೇನಹಳ್ಳಿಯ ಒಂದು ಮನೆಗೆ ಬಲು ಒತ್ತಾಗಿ ಬಂದಿತು. ಬೆಂಗಳೂರಿನಲ್ಲಿ ಎರಡು ಮಾರೇನಹಳ್ಳಿಗಳಿವೆ, ಜೆ.ಪಿ. ನಗರದ ಕಡೆಯದು ಬೇರೆ. ಇದು ಪಶ್ಚಿಮದಲ್ಲಿ ವಿಜಯನಗರದ ಮಗ್ಗುಲಿಗಿರುವ ಮಾರೇನಹಳ್ಳಿ. ಹಳ್ಳಿಯೆಂಬುದು ಹೆಸರಿನಲ್ಲಿ ಮಾತ್ರ ಉಳಿದು, ಮನೆಗೆ ಮನೆ ತಾಗಿದ ಓಣಿಗಳಾಗಿ ಎಷ್ಟೋ ವರ್ಷಗಳಾದುವು. ಅಂತಹ ಒಂದು ಓಣಿಯಲ್ಲಿ, ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡು, ಗೃಹಿಣಿಯೊಬ್ಬರು ಡಿ.ಟಿ.ಪಿ. ಕೆಲಸ ನಡೆಸುತ್ತಿದ್ದರು. ಲಗ್ನಪತ್ರಿಕೆ, ಗೃಹಪ್ರವೇಶದ ಕಾಗದ, ವೈಕುಂಠ ಸಮಾರಾಧನೆಯ ಕಾರ್ಡು, ಕಾಲೇಜು ಹುಡುಗರ ಪ್ರಬಂಧಗಳು, ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸುವ ಕವಿಗಳ ಸಂಕಲನಗಳು, ಇವೇ ಅವರ ಬಂಡವಾಳ. ಕನ್ನಡ ಟೈಪ್‌ರೈಟಿಂಗ್ ಕಲಿತು ಬಂದ ಬೆರಳುಗಳು. ಒತ್ತಕ್ಷರ ತಪ್ಪಿದರೆ ಪರದೆ ನೋಡದೆಯೇ ಗೊತ್ತಾಗುವಷ್ಟು ಪಳಗಿದ್ದುವು. 2004ರಲ್ಲಿ ಚೀಟಿ ಎತ್ತಿ ಕೊಂಡಿದ್ದ ಕಂಪ್ಯೂಟರು ಹನ್ನೆರಡು ವರ್ಷ ದುಡಿದು, ಇಬ್ಬರು ಮಕ್ಕಳ ಶಾಲೆಯ ಫೀಜನ್ನು ಕಟ್ಟಿತ್ತು.

ಆ ವರ್ಷ ಅವರ ಕೈಯಲ್ಲಿದ್ದುದು ಒಂದು ದೊಡ್ಡ ಕೆಲಸ. ಎಂಬತ್ತು ದಾಟಿದ್ದ, ಪ್ರೌಢಶಾಲೆಯಿಂದ ನಿವೃತ್ತರಾದ ಮೇಷ್ಟರೊಬ್ಬರು ಮೂವತ್ತು ವರ್ಷ ಊರೂರು ಸುತ್ತಿ, ತುಮಕೂರು ಸೀಮೆಯ ಕಸುಬುಗಳ ಮಾತುಗಳನ್ನು ಕೂಡಿಸಿದ್ದರು. ನೇಗಿಲಿನ ಈಸು, ಮೇಣಿ, ಕುಳ. ಗಾಡಿಯ ಮೂಕಿ, ಗುಂಬ, ಕಡಾಣಿ. ಮಗ್ಗದವರ, ಕುಂಬಾರರ, ಗಾಣಿಗರ ಮಾತುಗಳು. ಒಟ್ಟು ನಾನೂರು ಪುಟಗಳಷ್ಟಾಗಿತ್ತು. ಮೇಷ್ಟರು ದಿನಾ ಸಂಜೆ ಬಂದು ಕುಳಿತು, ಭೂತಗನ್ನಡಿ ಹಿಡಿದು ಕರಡು ತಿದ್ದುತ್ತಿದ್ದರು. ಎರಡು ಸಲ ತಿದ್ದಿ ಮುಗಿದಿತ್ತು. ಒಂದು ಕಣ್ಣಿನ ದೃಷ್ಟಿ ಅಷ್ಟರಲ್ಲಿ ಹೋಗಿತ್ತು; ಇನ್ನೊಂದರ ಮೇಲೆ ಡಾಕ್ಟರಿಗೆ ಭರವಸೆಯಿರಲಿಲ್ಲ. ಮೂರನೆಯ ಸಲ ಮೊದಲಿನಿಂದ ತಿದ್ದುವುದು ಆಗುಹೋಗುವ ಮಾತಾಗಿರಲಿಲ್ಲ.

ಒಂದು ಬೆಳಗ್ಗೆ ಗುಂಡಿ ಒತ್ತಿದಾಗ ಫ್ಯಾನು ತಿರುಗಿತು, ಹಸುರು ದೀಪ ಹೊತ್ತಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ನೋಡಲು ಬಂದ ಅಂಗಡಿಯ ಹುಡುಗನು ಒಳ್ಳೆಯವನೇ. ಒಳಗಿರುವುದೆಲ್ಲ ಡಿಸ್ಕಿನಲ್ಲಿ ಸುರಕ್ಷಿತವಾಗಿದೆ, ಎಲ್ಲಿಗೂ ಹೋಗಿಲ್ಲವೆಂದು ಮೊದಲು ಧೈರ್ಯ ಹೇಳಿದನು. ಅನಂತರವೇ ತೀರ್ಪು ಕೊಟ್ಟುದು: "ಬೋರ್ಡ್ ಡೆಡ್ ಮೇಡಮ್. ಇಷ್ಟು ಹಳೇದಕ್ಕೆ ಬೋರ್ಡ್ ಸಿಗಲ್ಲ. ಹೊಸ ಸಿಸ್ಟಮ್ ತಗೊಂಡುಬಿಡಿ."

ಹೊಸದನ್ನು ಹೇಗಾದರೂ ತೆಗೆದುಕೊಳ್ಳಬಹುದಾಗಿತ್ತು. ತೊಡಕಿದ್ದುದು ಬೇರೆಡೆಯಲ್ಲಿ. ಕಂಪ್ಯೂಟರಿಗೆ ಅಕ್ಷರವೆಂದರೆ ಸಂಖ್ಯೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆಯೆಂಬ ವಿಶ್ವವ್ಯಾಪಿಯಾದ ಒಪ್ಪಂದವೇ ಯುನಿಕೋಡ್. 1991ರಲ್ಲಿ ಹೊರಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆಯಿತು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ 'ತುಂಗಾ' ಎಂಬ ಕನ್ನಡ ಅಕ್ಷರಶೈಲಿಯೂ ಬಂದಿತು. ಆದರೆ ಮುದ್ರಣಕ್ಕಾಗಿ ಪುಟ ಕಟ್ಟುವ ಅಂದಿನ ತಂತ್ರಾಂಶಗಳಿಗೆ ಯುನಿಕೋಡ್ ಕನ್ನಡ ಬಗ್ಗಲಿಲ್ಲ. ಆದುದರಿಂದ ಡಿ.ಟಿ.ಪಿ.ಯವರು ಬಹುಕಾಲ ತಮ್ಮ ತಮ್ಮ ತಂತ್ರಾಂಶದ ಖಾಸಗಿ ಸಂಖ್ಯೆಗಳಲ್ಲೇ ಕನ್ನಡವನ್ನು ಕೂಡಿಸಿದರು. ಆ ತಂತ್ರಾಂಶವಿಲ್ಲದ ಯಂತ್ರದಲ್ಲಿ ಅದೇ ಕಡತವನ್ನು ತೆರೆದರೆ, ಕೊಂಬು ಬಾಲಗಳು ಮೂಡಿದ ರೋಮನ್ ಅಕ್ಷರಗಳ ಸಂತೆ ಕಾಣುತ್ತದೆ. ಇದರ ಮೇಲೆ ಆ ಗೃಹಿಣಿಯ ತಂತ್ರಾಂಶಕ್ಕೊಂದು ಬೀಗವಿತ್ತು. ಕಂಪ್ಯೂಟರಿನ ಬೆನ್ನಿಗೆ, ಹಳೆಯ ಪ್ರಿಂಟರಿನ ತಂತಿ ಸಿಕ್ಕಿಸುವ ಅಗಲವಾದ ತೂತಿಗೆ, ಬೆಂಕಿಪೆಟ್ಟಿಗೆಯಷ್ಟು ಗಾತ್ರದ ಆ ಬೀಗವನ್ನು ಸಿಕ್ಕಿಸಿದರೆ ಮಾತ್ರ ಅದು ತೆರೆಯುತ್ತಿತ್ತು. ಹೊಸ ಯಂತ್ರಗಳಲ್ಲಿ ಆ ತೂತೇ ಇಲ್ಲ. ಖಾಸಗಿ ಸಂಖ್ಯೆಗಳನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳೇನೋ ಇವೆ. ಆದರೆ ಅವು ತಿರುಗಿಸಿದ ಪಠ್ಯದಲ್ಲಿ ಪುಟದ ಕಟ್ಟು ಉಳಿಯುವುದಿಲ್ಲ. ಅರ್ಕಾವೊತ್ತು, ಒತ್ತಕ್ಷರಗಳು ಅಲ್ಲಲ್ಲಿ ಸ್ಥಾನ ಬಿಟ್ಟು ಜರುಗುತ್ತವೆ. ಅಂದಮೇಲೆ ಮತ್ತೆ ನಾನೂರು ಪುಟಗಳನ್ನು ಕಣ್ಣಿಟ್ಟು ತಿದ್ದಬೇಕು. ಆ ಕಣ್ಣು ಇರಲಿಲ್ಲ.

ಓಣಿಯ ತುದಿಯಲ್ಲಿ ಒಬ್ಬ ವೃದ್ಧರಿದ್ದರು. ಪ್ರಾಯದಲ್ಲಿ ರೇಡಿಯೋ ರಿಪೇರಿ ಅಂಗಡಿಯಿಟ್ಟಿದ್ದವರು. ಮಕ್ಕಳು ಅವರನ್ನು 'ರೇಡಿಯೋ ತಾತ' ಎಂದು ಕರೆಯುತ್ತಿದ್ದರು. ಮಕ್ಕಳ ಬಾಯಿಂದ ಆ ಹೆಸರನ್ನು ದೊಡ್ಡವರೂ ಎತ್ತಿಕೊಂಡಿದ್ದರು. ಗೃಹಿಣಿ ಹೋಗಿ ಸಂಗತಿ ತಿಳಿಸಿದಾಗ ಅವರು ಕೇಳಿದ ಮೊದಲ ಮಾತೇ ಇದು: "ಸತ್ತಿದ್ದು ಯಾವುದಮ್ಮಾ? ಪೂರ್ತಿ ಯಂತ್ರ ಒಟ್ಟಿಗೆ ಸಾಯೋದುಂಟೇ?"

ಅವರು ಬಂದು ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿಸಿದರು. ಹನ್ನೆರಡು ವರ್ಷದ ದೂಳನ್ನು ಹಳೆಯ ಬಣ್ಣದ ಕುಂಚದಿಂದ ಗುಡಿಸಿದರು. ಟಾರ್ಚು ಹಾಕಿ ಹಲಗೆಯನ್ನು ಓರೆಯಾಗಿ ನೋಡಿದರು. ಲೆಕ್ಕ ಹಾಕುವ ಮುಖ್ಯ ಚಿಪ್ಪಿನ ಸುತ್ತ, ಗೊಂಬೆಯ ಲೋಟಗಳಂತೆ ಒಂಬತ್ತು ಪುಟ್ಟ ಉರುಳೆಗಳು ನಿಂತಿದ್ದುವು. ನಾಲ್ಕರ ತಲೆ ಚಪ್ಪಟೆಯಾಗಿತ್ತು. ಐದರ ತಲೆ ಹೋಳಿಗೆಯಂತೆ ಉಬ್ಬಿತ್ತು; ಅವುಗಳಲ್ಲಿ ಎರಡರ ನೆತ್ತಿ ಬಿರಿದು, ಕಂದುಬಣ್ಣದ ಅಂಟು ಒಣಗಿ ನಿಂತಿತ್ತು. "ಕಂಡೆನ್ಸರ್ ಹೋಗಿದೆ ತಾಯಿ. ಸತ್ತಿರೋದು ಇವು ಐದು. ಮಿಕ್ಕಿದ್ದೆಲ್ಲ ಇವಕ್ಕೆ ಕಾದು ಕೂತಿದೆ" ಎಂದರು.

ಕಂಡೆನ್ಸರ್ ಎಂಬುದು ರೇಡಿಯೋ ಕಾಲದ ಮಾತು. ಇಂದಿನವರು ಕೆಪಾಸಿಟರ್ ಎನ್ನುತ್ತಾರೆ. ಹೆಸರು ಕೇಳಿ ಹೆದರುವ ಕಾರಣವಿಲ್ಲ. ಪ್ರತಿಯೊಂದು ಮನೆಯಲ್ಲೂ ಅದಿದೆ. ಚಾವಣಿಯ ಫ್ಯಾನು ಬರಬರುತ್ತ ನಿಧಾನವಾದರೆ, ಬೋರಿನ ಮೋಟಾರು ಗುಂಯ್‌ಗುಟ್ಟಿ ತಿರುಗದಿದ್ದರೆ, ಎಲೆಕ್ಟ್ರಿಷಿಯನ್ ಮೊದಲು ಬದಲಾಯಿಸುವುದು ಇದನ್ನೇ. ಅದರ ವಂಶವೂ ಹಳೆಯದು. 1745ರಲ್ಲಿ ಜರ್ಮನಿಯ ಫಾನ್ ಕ್ಲೈಸ್ಟ್ ಎಂಬಾತನೂ, ಮರುವರ್ಷ ಹಾಲೆಂಡಿನ ಲೈಡನ್ ನಗರದಲ್ಲಿ ಮುಸ್ಸೆನ್‌ಬ್ರೂಕ್ ಎಂಬ ಪ್ರಾಧ್ಯಾಪಕನೂ, ಗಾಜಿನ ಸೀಸೆಯಲ್ಲಿ ವಿದ್ಯುತ್ತನ್ನು ಕೂಡಿಟ್ಟು, ಅದನ್ನು ಮುಟ್ಟಿ, ಮೈ ನಡುಗುವಷ್ಟು ಪೆಟ್ಟು ತಿಂದರು. ಲೈಡನ್ ಸೀಸೆಯೆಂದು ಖ್ಯಾತವಾದ ಅದೇ ಎಲ್ಲ ಕಂಡೆನ್ಸರುಗಳ ಮೂಲಪುರುಷ.

ಅದು ಮಾಡುವ ಕೆಲಸವೇನೆಂಬುದನ್ನು ಬೆಂಗಳೂರಿನವರಿಗೆ ವಿವರಿಸುವುದು ಸುಲಭ. ಕಾವೇರಿಯ ನೀರು ನೂರು ಕಿಲೋಮೀಟರಿನಷ್ಟು ದೂರದಿಂದ ಏರಿ ಬರುತ್ತದೆ. ಬಂದಾಗ ಭರ್ರೆಂದು ಬರುತ್ತದೆ. ನಿಂತಾಗ ತೊಟ್ಟೂ ಇಲ್ಲ. ಆದರೂ ಅಡುಗೆಮನೆಯ ನಲ್ಲಿಯಲ್ಲಿ ಒಂದೇ ಸಮನೆ ನೀರು ಸುರಿಯುತ್ತಿರುತ್ತದೆ. ಕಾರಣ, ನಡುವೆ ಸಂಪು ಇದೆ, ಮಾಳಿಗೆಯ ಮೇಲೆ ತೊಟ್ಟಿ ಇದೆ. ಬಂದಾಗ ತುಂಬಿಟ್ಟುಕೊಂಡು ಬೇಕಾದಾಗ ಕೊಡುವ ಗೃಹಸ್ಥಧರ್ಮವೇ ಕಂಡೆನ್ಸರಿನದು. ಪೆಟ್ಟಿಗೆಯೊಳಗಿನ ಪವರ್ ಸಪ್ಲೈ ಕೊಡುವುದು 12 ವೋಲ್ಟ್; ಮುಖ್ಯ ಚಿಪ್ಪಿಗೆ ಬೇಕಾದುದು ಒಂದೂವರೆ ವೋಲ್ಟಿನಷ್ಟು. ಅದೂ ಹತ್ತಾರು ಆಂಪಿಯರುಗಳ ಹರಿವಿನಲ್ಲಿ. ವಿದ್ಯುತ್ತನ್ನು ಒಂದು ಸೆಕೆಂಡಿಗೆ ಲಕ್ಷಾಂತರ ಸಲ ಬಿಟ್ಟು ಹಿಡಿದು ಮಾಡಿಯೇ 12 ವೋಲ್ಟನ್ನು ಒಂದೂವರೆಗೆ ಇಳಿಸುತ್ತಾರೆ. ಈ ಬಿಟ್ಟು ಹಿಡಿಯುವ ಅಲೆಗಳನ್ನು ಕಂಡೆನ್ಸರುಗಳು ಸಮಮಾಡದಿದ್ದರೆ ಚಿಪ್ಪಿಗೆ ತಲೆ ತಿರುಗುತ್ತದೆ. ಮೊದಲು ಯಂತ್ರವು ಕೆಲಸದ ನಡುವೆ ತಾನೇ ನಿಂತು ತಾನೇ ಎದ್ದು ಬರುತ್ತದೆ. ಆಮೇಲೆ ಎರಡು ಮೂರು ಸಲ ಗುಂಡಿ ಒತ್ತಿದರಷ್ಟೇ ಏಳುತ್ತದೆ. ಕೊನೆಗೆ ಏಳುವುದೇ ಇಲ್ಲ. ಗೃಹಿಣಿಯ ಯಂತ್ರವೂ ಎರಡು ತಿಂಗಳಿಂದ ಈ ಲಕ್ಷಣಗಳನ್ನೆಲ್ಲ ಕ್ರಮವಾಗಿ ತೋರಿಸಿತ್ತು. ಬೇಸಿಗೆಯ ಕರೆಂಟಿನ ಏರಿಳಿತವೆಂದು ಮನೆಯವರು ಸಮಾಧಾನಪಟ್ಟುಕೊಂಡಿದ್ದರು.

ಉರುಳೆಯ ಒಳಗೇನಿದೆ? ಸುರುಳಿ ಸುತ್ತಿದ ಅಲ್ಯೂಮಿನಿಯಮ್ಮಿನ ಎರಡು ಹಾಳೆಗಳು; ನಡುವೆ, ದ್ರವದಲ್ಲಿ ನೆನೆಸಿದ ಕಾಗದ; ಒಂದು ಹಾಳೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡಿನ ಪೊರೆ. ವಿದ್ಯುತ್ತು ಆ ಪೊರೆಯ ಎರಡು ಕಡೆ ನಿಲ್ಲುತ್ತದೆ. ಬಿಸಿಯಲ್ಲಿ ಕೂತು ಕೂತು ದ್ರವ ಆರಿದಂತೆಲ್ಲ ಉರುಳೆಯ ಶಕ್ತಿ ಕುಂದುತ್ತದೆ. 105 ಡಿಗ್ರಿಯ ಶಾಖದಲ್ಲಿ 2000 ಗಂಟೆಯ ಆಯುಸ್ಸೆಂದು ತಯಾರಕನು ಹೇಳಿದ್ದರೆ, ಶಾಖ ಹತ್ತು ಡಿಗ್ರಿ ಇಳಿದಂತೆ ಆಯುಸ್ಸು ಇಮ್ಮಡಿಯಾಗುತ್ತದೆಂಬುದು ಕಸುಬಿನವರ ಸ್ಥೂಲ ಲೆಕ್ಕ. 65 ಡಿಗ್ರಿಯಲ್ಲಿ ಅದೇ ಉರುಳೆ 32,000 ಗಂಟೆ ಬಾಳಬೇಕು. ದಿನಕ್ಕೆ ಹತ್ತು ಗಂಟೆಯಂತೆ ವರ್ಷಕ್ಕೆ ಮುನ್ನೂರು ದಿನ ದುಡಿಸಿದರೆ ಹತ್ತು ವರ್ಷ ಮೀರಿತು. ಮಾರೇನಹಳ್ಳಿಯ ಉರುಳೆಗಳು ಹನ್ನೆರಡು ವರ್ಷ ತಡೆದಿದ್ದುವು.

ಆದರೆ ಅದೇ ಕಾಲದ ಎಷ್ಟೋ ಉರುಳೆಗಳು ಎರಡು ಮೂರು ವರ್ಷವೂ ತಡೆಯಲಿಲ್ಲ. ಸುಮಾರು 1999ರಿಂದ 2007ರವರೆಗೆ ಜಗತ್ತಿನ ಕಂಪ್ಯೂಟರುಗಳಿಗೆ ಒಂದು ಮಾರಿಯೇ ತಗುಲಿತ್ತು. ಒಳಗಿನ ದ್ರವದಲ್ಲಿ ನೀರಿನ ಅಂಶ ಹೆಚ್ಚಿದ್ದರೆ ಉರುಳೆಯ ಗುಣ ಹೆಚ್ಚುತ್ತದೆ, ಬೆಲೆಯೂ ಅಗ್ಗವಾಗುತ್ತದೆ. ಆದರೆ ನೀರು ಅಲ್ಯೂಮಿನಿಯಮ್ಮನ್ನು ತಿನ್ನದಂತೆ ತಡೆಯುವ ದ್ರವ್ಯಗಳನ್ನೂ ಅದಕ್ಕೆ ಬೆರೆಸಿರಬೇಕು. ಆ ತಡೆ ಇಲ್ಲದಿದ್ದರೆ ಒಳಗೆ ಹೈಡ್ರೋಜನ್ ಅನಿಲ ಹುಟ್ಟಿ, ಹೊಟ್ಟೆ ಉಬ್ಬಿ, ನೆತ್ತಿ ಬಿರಿಯುತ್ತದೆ. ಜಪಾನಿನ ಕಂಪನಿಯೊಂದರ ಸೂತ್ರವನ್ನು ಯಾರೋ ಹೊರಗೆ ಸಾಗಿಸಿದರೆಂದೂ, ಸಾಗಿಸುವಾಗ ಅದರ ಒಂದು ಭಾಗ ಬಿಟ್ಟುಹೋಯಿತೆಂದೂ, ಆ ಅರೆಬರೆ ಸೂತ್ರದಿಂದಲೇ ತೈವಾನಿನಲ್ಲಿ ಕೋಟಿಗಟ್ಟಲೆ ಉರುಳೆಗಳು ತಯಾರಾದುವೆಂದೂ 2002 ಮತ್ತು 2003ರ ಕಸುಬಿನ ಪತ್ರಿಕೆಗಳು ಬರೆದುವು. ಅಡುಗೆ ಕದ್ದವನಿಗೆ ಉಪ್ಪಿನ ಅಳತೆ ಸಿಕ್ಕಲಿಲ್ಲವೆಂಬಂತೆ! ಹೆಸರಾಂತವರೂ ಈ ಕಾಲದ ಕಾಟದಿಂದ ಪಾರಾಗಲಿಲ್ಲ. ಅಮೆರಿಕದ ಡೆಲ್ ಕಂಪನಿಯು ತನ್ನ ಆಪ್ಟಿಪ್ಲೆಕ್ಸ್ ಕಂಪ್ಯೂಟರುಗಳ ಹಲಗೆಗಳನ್ನು ಬದಲಾಯಿಸಿಕೊಡಲು 2005ರಲ್ಲಿ 30 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಅವುಗಳಲ್ಲಿದ್ದ ಉರುಳೆಗಳಾದರೋ ಜಪಾನಿನದೇ ಒಂದು ಪ್ರತಿಷ್ಠಿತ ಕಂಪನಿಯವು.

ತಾತನಿಗೆ ಈ ಪುರಾಣವೆಲ್ಲ ಗೊತ್ತಿರಲಿಲ್ಲ. ಗೃಹಿಣಿಯ ಮಗ ಓದಿ ಹೇಳಿದ. ಅವರು ಕೇಳಿ ನಕ್ಕು, "ರೋಗವೋ ಮುಪ್ಪೋ, ಮದ್ದು ಒಂದೇ ಮಗು. ನಾಳೆ ಎಸ್.ಪಿ. ರೋಡಿಗೆ ಹೋಗೋಣ" ಎಂದರು.

ಎಸ್.ಪಿ. ರಸ್ತೆ ಬೆಂಗಳೂರಿನ ಬಿಡಿಭಾಗಗಳ ಸಂತೆ. 1905ರ ಆಗಸ್ಟಿನಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ನಗರದ ಮೊದಲ ಬೀದಿದೀಪ ಬೆಳಗಿದ ಮಾರುಕಟ್ಟೆ ಪ್ರದೇಶದ ಆಸುಪಾಸಿನಲ್ಲೇ ಅದಿರುವುದು ಒಂದು ಚೆಂದ. ತಾತ ಮತ್ತು ಹುಡುಗ ಬಸ್ಸಿನಲ್ಲಿ ಹೋದರು. ಮೊದಲ ಅಂಗಡಿಯವನು ಕೊಟ್ಟ ಉರುಳೆಗಳ ಮೇಲೆ 85 ಡಿಗ್ರಿ ಎಂದು ಬರೆದಿತ್ತು. ತಾತ ಕನ್ನಡಕ ಏರಿಸಿ ಓದಿ ಹಿಂದಕ್ಕಿಟ್ಟರು. ಎರಡನೆಯವನಲ್ಲಿ ಗಾತ್ರ ಹೊಂದಲಿಲ್ಲ. ನಾಲ್ಕನೆಯ ಅಂಗಡಿಯಲ್ಲಿ ಬೇಕಾದ ಗುಣಗಳೆಲ್ಲ ಕೂಡಿಬಂದುವು: ಧಾರಣಶಕ್ತಿ ಹಳೆಯದರಷ್ಟೇ 1500 ಮೈಕ್ರೋಫ್ಯಾರಡ್, ವೋಲ್ಟು ಹಳೆಯದರಷ್ಟೇ 6.3, ಇಲ್ಲವೆ ಅದಕ್ಕಿಂತ ಹೆಚ್ಚು, ಕಡಮೆಯಂತೂ ಕೂಡದು. ಶಾಖ 105 ಡಿಗ್ರಿ. ಒಳರೋಧ ಬಲು ಕಡಮೆಯ ಜಾತಿ. ಈ ಕೊನೆಯ ಗುಣವೇ ಮುಖ್ಯ. ಫ್ಯಾನಿಗೋ ರೇಡಿಯೋಗೋ ಸಲ್ಲುವ ಸಾಧಾರಣ ಉರುಳೆ ಇಲ್ಲಿ ಸಲ್ಲದು. ಸೆಕೆಂಡಿಗೆ ಲಕ್ಷ ಸಲ ತುಂಬಿ ಬಸಿಯುವ ಚುರುಕು ಅದಕ್ಕಿಲ್ಲ. ಒಂದಕ್ಕೆ ಹದಿನೈದು ರೂಪಾಯಿಯಂತೆ ಒಂಬತ್ತನ್ನು ಕೊಂಡರು. ಕೆಟ್ಟುದು ಐದಾದರೆ ಒಂಬತ್ತೇಕೆಂದು ಹುಡುಗ ಕೇಳಿದ. "ಒಂದೇ ಪಂಕ್ತೀಲಿ ಕೂತು ಊಟ ಮಾಡಿದೋರು ಕಣೋ. ಐದು ಜನಕ್ಕೆ ಹೊಟ್ಟೆ ಕೆಟ್ಟಿದ್ರೆ ಮಿಕ್ಕ ನಾಲ್ವರನ್ನ ನಂಬೋಕಾಗುತ್ತಾ?" ಎಂದು ತಾತ ಉತ್ತರ ಕೊಟ್ಟರು.

ಮರುದಿನ ಶಸ್ತ್ರಚಿಕಿತ್ಸೆ. ಕಂಪ್ಯೂಟರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಅನಂತರ ಒಮ್ಮೆ ಗುಂಡಿ ಒತ್ತಿ, ಒಳಗೆ ಉಳಿದಿದ್ದ ವಿದ್ಯುತ್ತನ್ನು ಬಸಿದರು. ಪವರ್ ಸಪ್ಲೈಯ ಡಬ್ಬಿಯನ್ನು ಮಾತ್ರ ತೆರೆಯಗೊಡಲಿಲ್ಲ. ಅದರೊಳಗಿನ ದೊಡ್ಡ ಕಂಡೆನ್ಸರುಗಳಲ್ಲಿ ಪ್ಲಗ್ ಕಿತ್ತ ಮೇಲೂ ಮುನ್ನೂರು ವೋಲ್ಟಿನಷ್ಟು ನಿಂತಿರಬಹುದು. ಲೈಡನ್ನಿನ ಪ್ರಾಧ್ಯಾಪಕನು ತಿಂದ ಪೆಟ್ಟು ಅಲ್ಲಿ ಇಂದಿಗೂ ಕಾದಿದೆ. ಅದರ ಬದಲು ನೆರೆಮನೆಯಿಂದ ಎರವಲು ತಂದ ಸಪ್ಲೈಯನ್ನು ಸಿಕ್ಕಿಸಿ ನೋಡಿ, ದೋಷವು ಹಲಗೆಯದೇ ಎಂದು ಖಚಿತಪಡಿಸಿಕೊಂಡರು. ಹಲಗೆಯನ್ನು ಹೊರತೆಗೆದು, ಪ್ರತಿ ಉರುಳೆಯೂ ಯಾವ ದಿಕ್ಕಿಗೆ ನಿಂತಿದೆಯೆಂದು ಕಾಗದದ ಮೇಲೆ ಚಿತ್ರ ಬರೆದುಕೊಂಡರು. ಉರುಳೆಯ ಪಕ್ಕದ ಪಟ್ಟಿ ಋಣದ ಗುರುತು; ಅದನ್ನು ತಿರುಗುಮುರುಗಾಗಿ ಕೂರಿಸಿದರೆ ಸಿಡಿಯುತ್ತದೆ. ಹಲಗೆಯ ಮೇಲೆ ಅಚ್ಚಾಗಿರುವ ಗುರುತನ್ನೇ ನಂಬೋಣವೆಂದರೆ, ಒಬ್ಬ ತಯಾರಕನು ಋಣದ ಕಡೆಗೆ ಬಣ್ಣ ತುಂಬಿದರೆ ಇನ್ನೊಬ್ಬನು ಧನದ ಕಡೆಗೆ ತುಂಬುತ್ತಾನೆ. ಕೀಳುವ ಮೊದಲು ಬರೆದಿಟ್ಟ ಚಿತ್ರವೇ ಪ್ರಮಾಣ.

ಕೀಳುವುದೇ ಕಷ್ಟದ ಕೆಲಸ. ಕಂಪ್ಯೂಟರಿನ ಹಲಗೆ ನೋಡಲು ಒಂದಾದರೂ ಒಳಗೆ ನಾಲ್ಕು, ಆರು ಪದರಗಳಿರುತ್ತವೆ. ನಡುವಿನ ತಾಮ್ರದ ಹಾಸು ಕಾಯಿಸಿದ ಬಿಸಿಯನ್ನೆಲ್ಲ ಕುಡಿದುಬಿಡುತ್ತದೆ. ರೇಡಿಯೋಗೆ ಸಾಕಾಗುತ್ತಿದ್ದ 25 ವ್ಯಾಟಿನ ಸಾಲ್ಡರಿಂಗ್ ಐರನ್ ಇಲ್ಲಿ ಸೋತಿತು. ತಾತ 60 ವ್ಯಾಟಿನದನ್ನು ತರಿಸಿದರು. ಹಳೆಯ ಬೆಸುಗೆಗೆ ಸ್ವಲ್ಪ ಹೊಸ ಸಾಲ್ಡರ್ ಬೆರೆಸಿದರೆ ಬೇಗ ಕರಗುತ್ತದೆ. ಒಂದು ಕಾಲನ್ನು ಕಾಯಿಸಿ ಉರುಳೆಯನ್ನು ಆಚೆಗೆ ಕೊಂಚ ಓಲಿಸುವುದು, ಇನ್ನೊಂದನ್ನು ಕಾಯಿಸಿ ಈಚೆಗೆ ಓಲಿಸುವುದು; ಮಗುವಿನ ಅಲುಗಾಡುವ ಹಲ್ಲನ್ನು ಕೀಳುವ ಹಾಗೆ. ಬಲವಂತವಾಗಿ ಎಳೆದರೆ ತೂತಿನ ಒಳಗೋಡೆಯ ತಾಮ್ರವೂ ಕಿತ್ತುಬಂದು, ಬದುಕಿದ ಹಲಗೆ ನಿಜವಾಗಿ ಸಾಯುತ್ತದೆ. ಕಿತ್ತ ಮೇಲೆ ತೂತಿನಲ್ಲಿ ಗಟ್ಟಿಯಾದ ಬೆಸುಗೆಯನ್ನು ಕಾಯಿಸಿ, ಹಲ್ಲುಕಡ್ಡಿಯ ಮೊನೆ ತೂರಿಸಿ ದಾರಿ ಬಿಡಿಸಿದರು. ಮರಕ್ಕೆ ಬೆಸುಗೆ ಅಂಟುವುದಿಲ್ಲ. ಏಳನೆಯ ಉರುಳೆಯ ಒಂದು ತೂತು ಮಾತ್ರ ಹಟ ಹಿಡಿಯಿತು. ಎಪ್ಪತ್ತೈದರ ಕೈ ನಡುಗಿತು. ತಾತ ಐರನ್ನನ್ನು ಕೆಳಗಿಟ್ಟು, ಕಾಫಿ ಕೇಳಿ, ಅರ್ಧ ಗಂಟೆ ಹಲಗೆಯ ಕಡೆ ತಿರುಗಿಯೂ ನೋಡಲಿಲ್ಲ. ಅನಂತರ ಬಂದು ಒಂದೇ ಸಲಕ್ಕೆ ಬಿಡಿಸಿದರು. ಅವಸರ ಮಾಡದಿರುವುದೂ ಆ ಕಸುಬಿನ ಒಂದು ಉಪಕರಣ.

ಸಂಜೆಯ ಹೊತ್ತಿಗೆ ಒಂಬತ್ತು ಹೊಸ ಉರುಳೆಗಳು ನಿಂತುವು. ಮೇಷ್ಟರೂ ಬಂದು ಕುಳಿತಿದ್ದರು. ಭೂತಗನ್ನಡಿ ಜೇಬಿನಲ್ಲೇ ಇತ್ತು. ತಾತ ಹಲಗೆಯನ್ನು ಮೇಜಿನ ಮೇಲೆ ಕಾಗದದ ರಟ್ಟಿನ ಮೇಲಿಟ್ಟು, ನೆನಪಿನ ಪಟ್ಟಿಯಾದ ರ‍್ಯಾಮನ್ನು ಬೇಕೆಂದೇ ಸಿಕ್ಕಿಸದೆ ಕರೆಂಟು ಕೊಟ್ಟರು. ಎರಡು ಕ್ಷಣ ನಿಶ್ಶಬ್ದ. ಆಮೇಲೆ ಪುಟ್ಟ ಸ್ಪೀಕರಿನಿಂದ ಬೀಪ್, ಬೀಪ್ ಎಂದು ಬಿಡದೆ ಕೂಗು ಹೊರಟಿತು. ಗೃಹಿಣಿ ಗಾಬರಿಯಾಗಿ, "ಅಯ್ಯೋ, ಏನಾಯ್ತು ತಾತ?" ಎಂದರು.

"ಏನೂ ಆಗಿಲ್ಲಮ್ಮ. ರ‍್ಯಾಮ್ ಇಲ್ಲ ಅಂತ ಅಳ್ತಾ ಇದೆ. ಅಳೋ ಕೂಸು ಬದುಕಿರೋ ಕೂಸು."

ರ‍್ಯಾಮ್ ಸಿಕ್ಕಿಸಿದರು, ಅಳು ನಿಂತಿತು. ಪರದೆಯ ಮೇಲೆ ಬಿಳಿಯ ಅಕ್ಷರಗಳು ಓಡಿದುವು. ಬೀಗವನ್ನು ಬೆನ್ನಿಗೆ ಸಿಕ್ಕಿಸಿ ಕಡತ ತೆರೆದಾಗ, ನಾನೂರು ಪುಟಗಳೂ ತಿದ್ದಿದಂತೆಯೇ, ಅರ್ಕಾವೊತ್ತು ಸಹಿತ, ನೆಟ್ಟಗೆ ಕುಳಿತಿದ್ದುವು. ಮೇಷ್ಟರು ಪರದೆಗೆ ಮೂಗು ತಾಗುವಷ್ಟು ಬಾಗಿ ಒಂದು ಸಾಲು ಓದಿದರು. ಯಾವ ಸಾಲೆಂದು ಹೇಳಲಿಲ್ಲ.

ತಾತನು ಆಡಿದ ಮುಂದಿನ ಮಾತು ಸಂಭ್ರಮದ್ದಲ್ಲ. "ಎದ್ದಿದೆ ಅಂತ ನಂಬ್ಕೊಂಡು ಕೂತ್ಕೋಬೇಡಿ ತಾಯಿ. ಇದು ಕೊಟ್ಟಿರೋದು ಸಮಯ ಅಷ್ಟೇ. ಒಳಗಿರೋದನ್ನ ಈಗ್ಲೇ ಹೊರಗೆ ತೆಗೀರಿ." ಅಂದಿನ ರಾತ್ರಿಯೇ ನಾನೂರು ಪುಟಗಳೂ ಯಾವ ಯಂತ್ರದಲ್ಲಿಯೂ ಓದಬಹುದಾದ ಪಿ.ಡಿ.ಎಫ್. ರೂಪಕ್ಕೆ ಇಳಿದು, ಎರಡು ಪೆನ್‌ಡ್ರೈವುಗಳಲ್ಲಿ ಎರಡು ಮನೆಗಳಿಗೆ ಹೋದುವು. ಮುಂದಿನ ತಿಂಗಳುಗಳಲ್ಲಿ ಗೃಹಿಣಿ ಪುಟಪುಟವನ್ನೂ ಯುನಿಕೋಡಿಗೆ ತಿರುಗಿಸಿ, ಹಳೆಯ ಪರದೆ ಹೊಸ ಪರದೆಗಳನ್ನು ಅಕ್ಕಪಕ್ಕದಲ್ಲಿಟ್ಟು, ಜರುಗಿದ ಒತ್ತುಗಳನ್ನು ತಾವೇ ಸರಿಪಡಿಸಿದರು. ಮೇಷ್ಟರ ಕಣ್ಣು ಮಾಡಲಾರದ ಮೂರನೆಯ ತಿದ್ದಿಕೆಯನ್ನು ಅವರು ಮಾಡಿದುದಕ್ಕೆ ಬಿಲ್ಲಿನಲ್ಲಿ ಲೆಕ್ಕವಿರಲಿಲ್ಲ. ಮರುವರ್ಷ ಪುಸ್ತಕ ಅಚ್ಚಾಯಿತು.

ಅಂಗಡಿಯ ಹುಡುಗನನ್ನು ಇಲ್ಲಿ ದೂರುವಂತಿಲ್ಲ. 135 ರೂಪಾಯಿಯ ಸಾಮಾನಿಗೆ ಒಂದು ಹಗಲಿನ ದುಡಿಮೆ. ಆ ದುಡಿಮೆಗೆ ನ್ಯಾಯವಾದ ಕೂಲಿ ಹಾಕಿದರೆ ಗಿರಾಕಿ ಹೌಹಾರುತ್ತಾನೆ. ಬಾಡಿಗೆ ಕಟ್ಟುವ ಅಂಗಡಿಗೆ ಹಳೆಯದನ್ನು ಎತ್ತಿಸಿ ಹೊಸದನ್ನು ಮಾರುವುದೇ ಜೀವನೋಪಾಯ. ಎಲ್ಲ ಹಲಗೆಗಳನ್ನೂ ಹೀಗೆ ಬದುಕಿಸಲು ಸಾಧ್ಯವೂ ಇಲ್ಲ. ಚಿಪ್ಪು ಸುಟ್ಟಿದ್ದರೆ, ತಾಮ್ರದ ಎಳೆ ತುಂಡಾಗಿದ್ದರೆ ಉರುಳೆ ಬದಲಾಯಿಸಿ ಫಲವಿಲ್ಲ. ಈಚಿನ ಹಲಗೆಗಳಲ್ಲಿ ದ್ರವವಿಲ್ಲದ ಘನ ಕಂಡೆನ್ಸರುಗಳೇ ಹೆಚ್ಚು. ಒಣಗಲು ಅವುಗಳಲ್ಲಿ ದ್ರವವೇ ಇಲ್ಲವಾದುದರಿಂದ ಅವು ದೀರ್ಘಕಾಲ ಬಾಳುತ್ತವೆ. ರಿಪೇರಿಗೆ ಬೇಕಾದ ವಿವರಗಳನ್ನು ತಯಾರಕರು ಬಳಕೆದಾರರಿಗೆ ಒದಗಿಸಲೆಂದು ಭಾರತ ಸರ್ಕಾರವು 2022ರ ಡಿಸೆಂಬರಿನಲ್ಲಿ ಒಂದು ಜಾಲತಾಣವನ್ನೂ ತೆರೆಯಿತು. ಇವೆಲ್ಲ ಒಳ್ಳೆಯವೇ. ಆದರೆ ಯಾವ ಜಾಲತಾಣವೂ 'ಸತ್ತಿದ್ದು ಯಾವುದು?' ಎಂದು ತಾನಾಗಿ ಕೇಳುವುದಿಲ್ಲ. ಆ ಪ್ರಶ್ನೆಯನ್ನು ಯಂತ್ರದ ಮುಂದೆ ಕುಳಿತವರೇ ಕೇಳಬೇಕು. ಕೇಳಿದರೆ ಹತ್ತರಲ್ಲಿ ಕೆಲವು ಸಲವಾದರೂ ಉತ್ತರವು ಹದಿನೈದು ರೂಪಾಯಿಯದಾಗಿರುತ್ತದೆ.

ಮಾರೇನಹಳ್ಳಿಯ ಯಂತ್ರ ಇನ್ನೂ ಎರಡು ವರ್ಷ ನಡೆಯಿತು. 2018ರಲ್ಲಿ ಮತ್ತೆ ಪರದೆ ಕಪ್ಪಾದಾಗ ತಾತನೇ ನೋಡಿ, ಈ ಸಲ ಚಿಪ್ಪೇ ಹೋಗಿದೆಯೆಂದು ಹೇಳಿ, ಇ-ತ್ಯಾಜ್ಯ ಕೊಂಡೊಯ್ಯುವವರಿಗೆ ಕೊಟ್ಟುಬಿಡಲು ಸೂಚಿಸಿದರು. ಅಷ್ಟರಲ್ಲಿ ಅದರ ಹೊಟ್ಟೆಯಲ್ಲಿದ್ದುದೆಲ್ಲ ಬೇರೆಡೆ ಸೇರಿ ಭದ್ರವಾಗಿತ್ತು. ಸತ್ತಿತೆಂದು ಈ ಸಲ ಮನೆಯಲ್ಲಿ ಯಾರೂ ಅನ್ನಲಿಲ್ಲ. 'ಕೆಲಸ ಮುಗಿಸಿತು' ಎಂದರು.